ಟರ್ಬೋ ಕಾರಿಗೆ ಎರಡನೇ ಸಲ ಕೊಂಡ ಲಾಗರ್

ಲಾಗರ್ ಅಂದರೆ ಕಾರು ಓಡುವಾಗ ಎಂಜಿನ್‌ನ ಅಂಕಿಗಳನ್ನು ದಾಖಲಿಸುವ ಸಾಧನ. ಮೊದಲು ಕೊಂಡ ಅಗ್ಗದ ಬ್ಲೂಟೂತ್ ಅಡಾಪ್ಟರ್ ಫಾಲ್ಟ್ ಕೋಡ್ (ಕಾರು ತೋರಿಸುವ ದೋಷದ ಸಂಕೇತ) ಓದೋಕೆ ಸಾಕಿತ್ತು, ಲಾಗಿಂಗ್‌ಗೆ ಆಗಲಿಲ್ಲ. ಟ್ರ್ಯಾಕ್‌ನಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿದರೆ ಬೂಸ್ಟ್ (ಟರ್ಬೋ ಹೆಚ್ಚುವರಿಯಾಗಿ ಕೊಡುವ ಗಾಳಿಯ ಒತ್ತಡ) ಗೆರೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿತ್ತು. ಸೆಕೆಂಡಿಗೆ ಎರಡೋ ಮೂರೋ ಅಂಕಿ ಅಷ್ಟೇ. ಅದೂ ಅಲ್ಲದೆ, ಸಾಮಾನ್ಯ ಓಬಿಡಿಯ (ಕಾರಿನ ಡಯಾಗ್ನೋಸ್ಟಿಕ್ ವ್ಯವಸ್ಥೆ) ಮ್ಯಾನಿಫೋಲ್ಡ್ ಒತ್ತಡದ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯ ಒತ್ತಡದ, ಅಂಕಿ ಹೊರಗಿನ ಗಾಳಿಯ ಒತ್ತಡವೂ ಸೇರಿ 255 ಕಿಲೋಪಾಸ್ಕಲ್‌ಗೇ ನಿಲ್ಲುತ್ತದೆ. ಸುಮಾರು 1.5 ಬಾರ್ ಬೂಸ್ಟ್ ದಾಟಿದರೆ ಗೆರೆ ಸುಮ್ನೆ ಚಪ್ಪಟೆ!

ಈಗಿರುವುದು ನನ್ನ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಂತಲೇ ಮಾಡಿದ ಕೇಬಲ್. ಒಂದೊಂದು ಸಿಲಿಂಡರ್‌ನ ನಾಕ್ ರಿಟಾರ್ಡ್ (ಇಂಧನ ಅಡ್ಡಾದಿಡ್ಡಿ ಸಿಡಿಯದಂತೆ ಕಿಡಿಯನ್ನು ತಡಮಾಡುವುದು) ಬೇರೆ ಬೇರೆ ಕಾಣುತ್ತದೆ. ಮೂರನೇದರಲ್ಲಿ ಮಾತ್ರ ಟೈಮಿಂಗ್ 4 ಡಿಗ್ರಿ ಹಿಂದೆ ಹೋಗುತ್ತಿದ್ದದ್ದು ಮೊದಲ ದಿನವೇ ಸಿಕ್ಕಿತು. ಸವೆದ ಸ್ಪಾರ್ಕ್ ಪ್ಲಗ್ ಬದಲಿಸಿದೆ, ಸರಿಹೋಯಿತು. ದಾಖಲಿಸಲು ಏಳೆಂಟು ಚಾನೆಲ್ (ಅಳತೆ) ಮಾತ್ರ ಆರಿಸಿ. ಜಾಸ್ತಿ ಹಾಕಿದರೆ ಇದೂ ನಿಧಾನವಾಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಇಸಿಯು ಕೇಬಲ್‌ಗೆ ಹೊಂದುವವುಗಳ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ.