ಹೂ ಬಿಟ್ಟ ಕಾಂಗ್ರೆಸ್ ಗಿಡಕ್ಕೆ ಕಟ್ಟರ್ ಹೊಡೆಸಬೇಡಿ, ನಾನು ಹೊಡೆಸಿ ಕೆಟ್ಟೆ

ಫ್ಯಾಕ್ಟರಿ, ಗೋಡೌನ್, ಯಾರ್ಡ್ ನೋಡಿಕೊಳ್ಳುವವರು ಇದನ್ನೊಮ್ಮೆ ಓದಿಬಿಡಿ. ನಮ್ಮ ಫ್ಯಾಕ್ಟರಿ ಹಿಂದಿನ ಖಾಲಿ ಜಾಗದಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಸೊಂಟದೆತ್ತರ ಬೆಳೆದಿತ್ತು. ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ. ಆಡಿಟ್‌ಗೆ ಜನ ಬರುತ್ತಾರೆ ಎಂದ ಮೇಲೆಯೇ ಅದು ನನ್ನ ಕಣ್ಣಿಗೆ ಬಿದ್ದದ್ದು.

ಗುತ್ತಿಗೆದಾರರು "ಎರಡೇ ದಿನ ಸರ್, ನೆಲ ಕಾಣೋ ಹಾಗೆ ಮಾಡಿಕೊಡ್ತೀವಿ" ಅಂದರು. ಮಾಡಿಯೂ ಕೊಟ್ಟರು. ಗಿಡದ ತುಂಬ ಬಿಳಿ ಹೂವಿತ್ತು, ಕಟ್ಟರ್ ತಿರುಗಿದ ಕಡೆಯೆಲ್ಲ ಪುಡಿ ಹಾರುತ್ತಿತ್ತು. ಕಟ್ಟರ್ ಹಿಡಿದ ಹುಡುಗ ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡಿದ್ದ, ಅಷ್ಟೇ. ಮಾರನೇ ದಿನ ಅವನ ಕುತ್ತಿಗೆ, ಮೊಣಕೈ ಮಡಿಕೆಯಲ್ಲೆಲ್ಲ ಕೆಂಪು ದದ್ದು. "ಸೆಕೆಗೆ ಸರ್" ಅಂದ, ನಾನೂ ನಂಬಿದೆ. ಸೆಕೆಯಲ್ಲ ಅದು. ಈ ಗಿಡ ತಾಗಿದರೆ ಚರ್ಮಕ್ಕೆ ಅಲರ್ಜಿ ಆಗುತ್ತದೆ, ಹೂವಿನ ಪರಾಗದಿಂದ ಉಬ್ಬಸವೂ ಬರಬಹುದು. ಗ್ಲೌಸ್, ಮಾಸ್ಕ್, ತೋಳು ಮುಚ್ಚುವ ಅಂಗಿ ಕೊಡದೇ ಇದ್ದದ್ದು ನನ್ನ ತಪ್ಪು. ಅವನು ಈಗ ಹುಲ್ಲು ಕತ್ತರಿಸುವ ಕೆಲಸವನ್ನೇ ಬಿಟ್ಟಿದ್ದಾನೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಬುಡಗಳು ಮತ್ತೆ ಚಿಗುರಿದವು ಎಂದು ಜೆಸಿಬಿ ತರಿಸಿ ಮೇಲ್ಮಣ್ಣು ಕೆರೆಸಿದೆ. ಅಷ್ಟೊಳ್ಳೆ ಮಣ್ಣು ಸುಮ್ನೆ ಯಾಕೆ ಹೊರಗೆ ಹಾಕೋದು ಎಂದು ಹೊಸ ಶೆಡ್ ಪಕ್ಕದ ತಗ್ಗಿಗೆ ತುಂಬಿಸಿದೆ. ಒಂದು ಗಿಡ 15,000ಕ್ಕೂ ಜಾಸ್ತಿ ಬೀಜ ಬಿಡಬಲ್ಲದು, ಮಣ್ಣಿನಡಿ ಅವು ವರ್ಷಗಟ್ಟಲೆ ಬದುಕಿರುತ್ತವೆ. ಒಟ್ಟಿನಲ್ಲಿ ಬಾಡಿಗೆ ಕೊಟ್ಟು ಬಿತ್ತನೆ ಮಾಡಿಸಿದ್ದೆ!

ಮಳೆ ಬಿದ್ದ ಎರಡನೇ ವಾರ ಹೋಗಿ ನೋಡಿದೆ. ಜೆಸಿಬಿ ಹೋದ ದಾರಿಯುದ್ದಕ್ಕೂ ಟೈರ್ ಅಚ್ಚಿನೊಳಗೆ ಕ್ಯಾರೆಟ್ ಎಲೆಯಂಥ ಪುಟ್ಟ ಸಸಿಗಳು, ನೆಲಕ್ಕೆ ಅಂಟಿಕೊಂಡು, ಗೆರೆ ಎಳೆದ ಹಾಗೆ. ಟ್ರಾನ್ಸ್‌ಫಾರ್ಮರ್ ಬೇಲಿಯೊಳಗೂ ಇದ್ದವು. ಅಲ್ಲಿ ಮೊದಲು ಒಂದೂ ಇರಲಿಲ್ಲ.

ಗಾಬರಿಯಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸಿದೆ. ಸಸಿಗಳೇನೋ ಸತ್ತವು, ಚರಂಡಿ ಇಳಿಜಾರಿನ ಹುಲ್ಲೂ ಸತ್ತಿತು. ಮಣ್ಣಿನಲ್ಲಿರುವ ಬೀಜಕ್ಕೆ ಆ ಔಷಧಿ ಏನೂ ಮಾಡುವುದಿಲ್ಲ. ಬೋಳಾದ ಇಳಿಜಾರಿನಲ್ಲಿ ಮೊದಲು ಮೊಳೆತದ್ದು ಯಾವುದು, ನೀವೇ ಹೇಳಿ.

"ಹುಳ ಬಿಟ್ಟರೆ ತಿನ್ನುತ್ತೆ ಅಲ್ವಾ?" ಎಂದೂ ಒಬ್ಬರು ಕೇಳಿದರು. ಈ ಗಿಡ ಮೆಕ್ಸಿಕೊ, ಕೆರಿಬಿಯನ್ ಕಡೆಯದು. ಅದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೊದಿಂದ ತಂದು ಆಸ್ಟ್ರೇಲಿಯಾದಲ್ಲಿ 1980ರಲ್ಲಿ, ಭಾರತದಲ್ಲಿ 1984ರಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆಯನ್ನು ಚೆನ್ನಾಗಿಯೇ ತಿನ್ನುತ್ತದೆ, ಒಣಗಾಲದಲ್ಲಿ ಮಣ್ಣು ಸೇರಿ ಮಲಗಿಬಿಡುತ್ತದೆ. ಅದನ್ನೇ ನಂಬಿಕೊಂಡು ಯಾರ್ಡ್ ನಡೆಸಲು ಆಗದು.

ಈಗ ಮಳೆಯಾದ ಮೇಲೆ ವಾರಕ್ಕೊಂದು ಸುತ್ತು ಹಾಕುತ್ತೇವೆ. ಮೊಳೆತ ನಾಲ್ಕಾರು ವಾರಕ್ಕೇ ಹೂ ಬಿಡುವ ಗಿಡ ಇದು, ತಿಂಗಳಿಗೊಮ್ಮೆ ನೋಡಿದರೆ ತಡವಾಗುತ್ತದೆ. ನೆಲ ಹಸಿ ಇರುವಾಗ, ಹೂವಿಗೆ ಮೊದಲು, ಗ್ಲೌಸ್ ಹಾಕಿ ಬೇರು ಸಮೇತ ಕೀಳಬೇಕು. ಬೇರು ತುಂಡಾಗಿ ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಬೋಳು ಜಾಗದಲ್ಲೆಲ್ಲ ಹುಲ್ಲು ಹಾಕಿಸಿದ್ದೇವೆ. ಜೆಸಿಬಿ ಬಂದರೆ ಬಕೆಟ್, ಟೈರ್ ಎರಡನ್ನೂ ಗೇಟ್ ಹತ್ತಿರ ಒಂದೇ ಜಾಗದಲ್ಲಿ ತೊಳೆಸಿ ಒಳಗೆ ಬಿಡುತ್ತೇವೆ. ಡ್ರೈವರ್‌ಗಳು ಗೊಣಗುತ್ತಾರೆ, ಗೊಣಗಲಿ.

ಇನ್ನೊಂದು ಶೆಡ್ ಕಟ್ಟುವುದಿದೆ, ಹೊರಗಿನಿಂದ ಮಣ್ಣು ಬರಬೇಕು. ಲಾರಿಗೆ ತುಂಬುವ ಮೊದಲೇ ಮಣ್ಣು ತೆಗೆಯುವ ಜಾಗಕ್ಕೆ ಈ ಸಲ ನಾನೇ ಹೋಗಿ ನೋಡಿ ಬರುತ್ತೇನೆ.