ಹೆವನ್ಸ್ ಅಬವ್: ವರ್ಷಗಟ್ಟಲೆ ಬಳಸಿದವನ ರಿವ್ಯೂ

ಸ್ಪೇಸ್ ಸ್ಟೇಷನ್ ನೋಡೋಕೆ ಯಾವ ಆ್ಯಪ್ ಹಾಕ್ಕೊಳ್ಳೋದು ಅಂತ ಸುಮಾರು ಜನ ಕೇಳ್ತಿರ್ತಾರೆ. ನನ್ನ ಉತ್ತರ ಒಂದೇ, ಹೆವನ್ಸ್ ಅಬವ್. ಸ್ಟೇಷನ್ ನಿಮ್ಮೂರ ಆಕಾಶದಲ್ಲಿ ಯಾವಾಗ, ಎಲ್ಲಿ ಕಾಣುತ್ತೆ ಅಂತ ಹೇಳುತ್ತೆ, ಸೈಟೂ ಇದೆ, ಆ್ಯಪೂ ಇದೆ. ನೋಡೋಕೆ ಹಳೇ ಕಾಲದ್ದು ಅನ್ಸುತ್ತೆ, ಬರೀ ಟೇಬಲ್ಲು, ಬರೀ ನಂಬರು. ಆದ್ರೆ ಆ ನಂಬರ್ ಓದೋದು ಒಂದ್ಸಲ ರೂಢಿ ಆದ್ರೆ ಫೋನ್ ಮೇಲೆತ್ತಿ ತಿರುಗಿಸ್ತಾ ಹುಡುಕೋ ಆ್ಯಪ್‌ಗಳು ಬೇಕೇ ಆಗಲ್ಲ, ಸ್ಕ್ರೀನ್ ಬೆಳಕಿಗೆ ಕತ್ತಲಿಗೆ ಹೊಂದಿದ್ದ ಕಣ್ಣು ಹಾಳಾಗೋದೂ ತಪ್ಪುತ್ತೆ.

ಮೊದಲು ನಿಮ್ಮ ಊರಿನ ಲೊಕೇಶನ್ ಸರಿಯಾಗಿ ಹಾಕಿ, ಸೈಟಲ್ಲಿ ಅದನ್ನ ಹಾಕದೇ ಇದ್ರೆ ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶಕ್ಕೆ ಲೆಕ್ಕ ಹಾಕಿ ಕೊಡುತ್ತೆ, ಅದು ಆಫ್ರಿಕಾ ಪಕ್ಕದ ಸಮುದ್ರ. ಆಮೇಲೆ ಮ್ಯಾಗ್ನಿಟ್ಯೂಡ್ ನೋಡಿ, ಅಂದ್ರೆ ಹೊಳಪಿನ ಅಳತೆ, ಮೈನಸ್ ಜಾಸ್ತಿ ಇದ್ದಷ್ಟೂ ಹೊಳಪು ಜಾಸ್ತಿ, ಮೈನಸ್ 3.5 ಅಂದ್ರೆ ಹೆಚ್ಚುಕಮ್ಮಿ ಶುಕ್ರನ ಹತ್ರ ಹತ್ರ. ಟೇಬಲ್ಲಲ್ಲಿ ಟೈಮ್ ಶುರುವಾಗೋದು ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿ, ನಮ್ಮ ಮಲೆನಾಡಿನ ಸಾಗರ ಊರಿನ ಕಡೆ ಅಡಿಕೆ ಮರ ಗುಡ್ಡ ಎಲ್ಲ ಇರೋದ್ರಿಂದ ಅಷ್ಟು ಕೆಳಗೆ ಏನೂ ಕಾಣಲ್ಲ, ಹಾಗಾಗಿ 40 ಡಿಗ್ರಿ ದಾಟೋ ಪಾಸ್ (ಸ್ಟೇಷನ್ ಒಂದ್ಸಲ ನಮ್ಮ ಆಕಾಶ ಹಾದು ಹೋಗೋದು) ಮಾತ್ರ ಆರಿಸ್ಕೊಳ್ತೀನಿ. ಇನ್ನೊಂದು, ಅದು ಕೊಡೋ ಆಕಾಶದ ಚಾರ್ಟಲ್ಲಿ ಪೂರ್ವ ಎಡಗಡೆ ಇರುತ್ತೆ. ತಪ್ಪಲ್ಲ ಅದು, ತಲೆ ಮೇಲೆ ಹಿಡಿದು ನೋಡಿ, ಸರಿ ಹೋಗುತ್ತೆ.

ನನಗೆ ತುಂಬಾ ಇಷ್ಟ ಆಗೋದು ನೆರಳಿಗೆ ಹೋಗೋ ಟೈಮ್ ಕೊಡೋದು. ಸಂಜೆ ಪಾಸಲ್ಲಿ ಸ್ಟೇಷನ್ ಪಶ್ಚಿಮದ ಕಡೆಯಿಂದ ಎದ್ದು ಪೂರ್ವಕ್ಕೆ ಹೋಗ್ತಾ ಇನ್ನೂ ಹೊಳೀತಾ ಇರೋವಾಗ್ಲೇ ನಡು ಆಕಾಶದಲ್ಲಿ ಕೆಂಪಗಾಗಿ ಕೆಲವೇ ಸೆಕೆಂಡಲ್ಲಿ ಆರಿಹೋಗುತ್ತೆ, ಭೂಮಿ ನೆರಳಿಗೆ ಹೋಗೋದು ಅದು, ಮತ್ತೆ ಆ ಕ್ಷಣ ಟೇಬಲ್ಲಲ್ಲಿ ಬರೆದಿರೋ ಸೆಕೆಂಡಿಗೇ ಬರುತ್ತೆ. ಗಡಿಯಾರ ಹಿಡಿದು ನೋಡಿ, ಮೈ ಜುಮ್ ಅನ್ಸುತ್ತೆ. ಸುಮಾರು 400 ಕಿಮೀ ಎತ್ತರದಲ್ಲಿ ಗಂಟೆಗೆ 27,600 ಕಿಮೀ ವೇಗದಲ್ಲಿ ಹೋಗೋ ವಸ್ತು, ಒಳಗೆ ಜನ ಬೇರೆ ಇದಾರೆ! 2025ರ ಜೂನ್ ಜುಲೈನಲ್ಲಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಮಲೆನಾಡಲ್ಲಿ ಮಳೆಗಾಲ, ಆ ಬೇಜಾರು ಇನ್ನೂ ಇದೆ ನನಗೆ.

ಕೊರತೆ ಇಲ್ವಾ ಅಂದ್ರೆ ಇದೆ. ಹತ್ತು ದಿನ ಮುಂಚಿನ ಟೈಮ್ ನಂಬಬೇಡಿ, ಸ್ಟೇಷನ್ನನ್ನ ಆಗಾಗ ಇಂಜಿನ್ ಹಚ್ಚಿ ಮೇಲೆ ಎತ್ತುತಾರೆ, ಹಾಗೆ ಮಾಡಿದ್ರೆ ಟೈಮ್ ಜರುಗುತ್ತೆ, ಅದಕ್ಕೆ ಅವತ್ತೇ ಸಂಜೆ ಇನ್ನೊಂದ್ಸಲ ತೆಗೆದು ನೋಡ್ಕೊಳ್ಳಿ. ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳು ಸಾಲಾಗಿ ಹೋಗೋದು ನೋಡ್ಬೇಕು ಅನ್ನೋರೂ ಇಷ್ಟೇ, ಲಾಂಚ್ ಆದ ಮೊದಲ ಕೆಲವು ದಿನ ಮಾತ್ರ ಚೆಂದ, ಆಮೇಲೆ ಚದುರಿ ಹೋಗ್ತವೆ.

ಸ್ಪೇಸ್ ಸ್ಟೇಷನ್ ಸಾಕಾದ ಮೇಲೆ ಹಬಲ್ ಸ್ಪೇಸ್ ಟೆಲಿಸ್ಕೋಪ್ ಹುಡುಕಿ. ಅದರ ಕಕ್ಷೆ ಸಮಭಾಜಕಕ್ಕೆ ಓರೆ ಇರೋದು 28.5 ಡಿಗ್ರಿ ಅಷ್ಟೇ, ಅದಕ್ಕಿಂತ ಉತ್ತರಕ್ಕೆ ಹೋಗಲ್ಲ, ಹಾಗಾಗಿ ಇಂಗ್ಲೆಂಡ್ ಜರ್ಮನಿಯವರಿಗೆಲ್ಲ ಅದು ಸಿಗೋದೇ ಇಲ್ಲ, ನಮಗೆ ನೆತ್ತಿ ಹತ್ರಾನೇ ಹಾದು ಹೋಗುತ್ತೆ. ಲಿಸ್ಟಲ್ಲಿ ಎಚ್‌ಎಸ್‌ಟಿ ಅಂತ ಇರುತ್ತೆ. ಹೊಳಪು ಸ್ಟೇಷನ್‌ಗಿಂತ ತುಂಬಾ ಕಮ್ಮಿ, ಬೀದಿ ದೀಪ ಇಲ್ಲದ ಕಡೆ ಹೋಗಿ ನಿಂತು ನೋಡಿ.