ಹಳೆ ಟಿವಿ ಪ್ಲಾಸ್ಟಿಕ್ ಬೇರ್ಪಡಿಸೋಕೆ ಉಪ್ಪುನೀರಾ, ಎಕ್ಸ್‌ಆರ್‌ಎಫ್ ಗನ್ನಾ?

ಡಬ್ಬಾ ಟಿವಿಯ ಹಿಂದಿನ ಕವಚ ಬೇಗ ಹೊತ್ತಿಕೊಳ್ಳದಿರಲಿ ಅಂತ ಅದರಲ್ಲಿ ಬ್ರೋಮಿನ್ ರಾಸಾಯನಿಕ ಬೆರೆಸುತ್ತಿದ್ದರು. ಅದರಲ್ಲೊಂದಾದ ಡೆಕಾಬಿಡಿಇ 2017ರಲ್ಲಿ, ಬೇಗ ನಾಶವಾಗದ ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಇದು ಮರುಬಳಕೆಯಲ್ಲಿ ಬೆರೆತರೆ ಮಕ್ಕಳ ಆಟಿಕೆಗೂ ಬರುತ್ತದೆ. ಹಾಗಾಗಿ ಬ್ರೋಮಿನ್ ಇರುವ ಪ್ಲಾಸ್ಟಿಕ್ಕನ್ನು ಉಪ್ಪುನೀರಿನಲ್ಲಿ ಬೇರ್ಪಡಿಸೋದಾ, ಎಕ್ಸ್‌ರೇ ಬಿಟ್ಟು ಒಳಗಿನ ಧಾತು ಪತ್ತೆಮಾಡುವ ಎಕ್ಸ್‌ಆರ್‌ಎಫ್ ಗನ್ನಿನಿಂದಲಾ ಅನ್ನೋ ಪ್ರಶ್ನೆ ಸಣ್ಣದಲ್ಲ.

ಖರ್ಚು ನೋಡಿದರೆ ಉಪ್ಪುನೀರೇ ಸರಿ. ಲೀಟರ್ ನೀರಿಗೆ ಸುಮಾರು 160 ಗ್ರಾಂ ಉಪ್ಪು ಹಾಕಿದರೆ ಸಾಂದ್ರತೆ (ಸಾದಾ ನೀರಿನದು 1) 1.1ರ ಆಸುಪಾಸು ಬರುತ್ತದೆ. ಚೂರುಗಳನ್ನು ಹಾಕಿ ಚೆನ್ನಾಗಿ ಕಲಕಿ. ಗಾಳಿಗುಳ್ಳೆ ಅಂಟಿದ್ದರೆ ಭಾರದ ಚೂರೂ ತೇಲಿಬಿಡುತ್ತದೆ! ಟಿವಿ ಕವಚದ ಸಾದಾ ಎಬಿಎಸ್ ಪ್ಲಾಸ್ಟಿಕ್ ತೇಲುತ್ತದೆ, ಬ್ರೋಮಿನ್ ಜಾಸ್ತಿ ಇರುವುದು ಮುಳುಗುತ್ತದೆ. ಆದರೆ ಪಿವಿಸಿ, ಗಾಜಿನ ನಾರು ಬೆರೆತ ಪ್ಲಾಸ್ಟಿಕ್ ಕೂಡ ಮುಳುಗುತ್ತವೆ. ಹೀಗೆ ಬ್ರೋಮಿನ್ ಇಲ್ಲದ ಒಳ್ಳೆ ಮಾಲೂ ಅದರ ಜೊತೆ ಸುಮ್ನೆ ಹೋಗುತ್ತದೆ. ಕೊಳಕು ನೀರನ್ನು ಚರಂಡಿಗೆ ಬಿಡುವಂತೆಯೂ ಇಲ್ಲ.

ಗನ್‌ಗೆ ಲಕ್ಷಗಟ್ಟಲೆ ಬೇಕು. ಎಕ್ಸ್‌ರೇ ಉಪಕರಣ ಆದ್ದರಿಂದ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಅನುಮತಿಯೂ ಬೇಕು. ಕಪ್ಪು ಪ್ಲಾಸ್ಟಿಕ್ಕನ್ನೂ ಕೆಲವೇ ಸೆಕೆಂಡಿನಲ್ಲಿ ಓದುತ್ತದೆ, ಆದರೆ ಒಟ್ಟು ಬ್ರೋಮಿನ್ ಮಾತ್ರ ತೋರಿಸುತ್ತದೆ. ಯಾವ ರಾಸಾಯನಿಕ ಅಂತ ಹೇಳಲು ಪ್ರಯೋಗಾಲಯವೇ ಬೇಕು.

ಚೂರು ಮಾಡಿದ ಮಾಲು ರಾಶಿಗಟ್ಟಲೆ ಬರುವ ಘಟಕಕ್ಕೆ ಉಪ್ಪುನೀರಿನ ತೊಟ್ಟಿ ಒಳ್ಳೆಯದು. ಇಡೀ ಕವಚಗಳನ್ನು ಕೈಯಲ್ಲಿ ಬಿಚ್ಚುವವರಿಗೆ, ಪರೀಕ್ಷಾ ವರದಿ ಕೇಳುವ ಗಿರಾಕಿ ಇರುವವರಿಗೆ ಗನ್ ಸರಿ. ಯಾವುದೇ ಇರಲಿ, ಬ್ರೋಮಿನ್ ಇದೆ ಅಂತ ಬೇರ್ಪಟ್ಟ ಮಾಲನ್ನು ಬಯಲಲ್ಲಿ ಸುಡಬೇಡಿ, ಡಯಾಕ್ಸಿನ್ ಎಂಬ ವಿಷ ಏಳುತ್ತದೆ. ಅಪಾಯಕಾರಿ ತ್ಯಾಜ್ಯದ ಅಧಿಕೃತ ಘಟಕಕ್ಕೇ ಕಳಿಸಿ.